ಅಪ್ಪ ಎರಡನೇ ದ್ವೀಪಕ್ಕೆ ಹೋದದ್ದು

ಪೋರ್ಟ್ ಬ್ಲೇರಿಗೆ ಬಂದ ಮರುದಿನ ಬೆಳಗ್ಗೆ, ನಮ್ಮ ಮನೆಯ ಮುಂದಿನ ಇಳಿಜಾರಿನಲ್ಲಿ ಒಬ್ಬ ಹೆಂಗಸು ದಾರಿಗೆ ಅಡ್ಡ ಬಿದ್ದಿದ್ದ ಬಲಿತ ತೆಂಗಿನಕಾಯನ್ನು ಕಾಲಿನಿಂದ ಒದ್ದು ಚರಂಡಿಗೆ ಉರುಳಿಸಿದಳು. ಒದ್ದದ್ದು ಕಾಯನ್ನು, ಪೆಟ್ಟು ಬಿದ್ದದ್ದು ನನಗೆ. ಗೊತ್ತಿಲ್ಲದೆ ಕಾಯಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಓಡಿಹೋಗಿ ಚರಂಡಿಗೆ ಕೈಹಾಕಿ ಕಾಯನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಅವಳ ಮನೆಯ ಬಾಗಿಲಲ್ಲೇ ಇಟ್ಟು ಬಂದೆ. ಅವಳು ಪಕ್ಕದ ಮನೆಯ ಮಿನೋತಿ ದೀದಿ, ಬಂಗಾಳಿ. ಮೇನ್‌ಲ್ಯಾಂಡಿನಿಂದ ಬಂದ ಹೊಸ ಹೆಂಗಸಿಗೆ ತಲೆ ಸರಿಯಿಲ್ಲ ಎಂದು ಅವತ್ತೇ ಟಿಕ್ರಿಗೆಲ್ಲ ಸುದ್ದಿ ಮುಟ್ಟಿಸಿದಳಂತೆ. ಟಿಕ್ರಿ ಅಂದರೆ ಇಲ್ಲಿಯವರ ಮಾತಿನಲ್ಲಿ ಗುಡ್ಡದ ಮೇಲಿನ ಕೇರಿ. ಮೇನ್‌ಲ್ಯಾಂಡ್ ಅಂದರೆ ನೀವು. ತಿಪಟೂರು, ದಿಲ್ಲಿ, ಮದರಾಸು ಎಲ್ಲವೂ ಇವರಿಗೆ ಒಂದೇ ಊರು.

ಸುನಾಮಿ ಬಂದುಹೋಗಿ ಎರಡು ವರ್ಷವಾಗಿತ್ತು ನಾನು ಇಲ್ಲಿಗೆ ಬಂದಾಗ. ನನ್ನ ಗಂಡ ಚಂದ್ರು ತುರುವೇಕೆರೆಯವರು, ಊರ ಕೆರೆಗಿಂತ ದೊಡ್ಡ ನೀರನ್ನು ಚಿಕ್ಕಂದಿನಲ್ಲಿ ಕಂಡವರಲ್ಲ. ಡೀಸೆಲ್ ಮೆಕ್ಯಾನಿಕ್ ಕಲಿತು, ದ್ವೀಪದಿಂದ ದ್ವೀಪಕ್ಕೆ ಜನರನ್ನು ಸಾಗಿಸುವ ಹಡಗೊಂದರ ಎಂಜಿನ್ ರೂಮಿನಲ್ಲಿ ಕೆಲಸ ಹಿಡಿದರು. ಹೋದರೆಂದರೆ ವಾರಗಟ್ಟಲೆ ಸುದ್ದಿಯಿಲ್ಲ. ನಾನೂ ಈ ಮರದ ಹಲಗೆಯ ಮನೆಯೂ ಇಬ್ಬರೇ. ತಗಡಿನ ಸೂರಿನ ಮೇಲೆ ಮಳೆ ಬಿದ್ದರೆ ನನ್ನ ಮಾತು ನನಗೇ ಕೇಳಿಸುವುದಿಲ್ಲ. ಸುತ್ತ ಎಲ್ಲಿ ನೋಡಿದರೂ ನೀರು, ಆದರೆ ನಲ್ಲಿಯಲ್ಲಿ ದಿನ ಬಿಟ್ಟು ದಿನ. ಕೊಡ ಹಿಡಿದು ಸಾಲಿನಲ್ಲಿ ನಿಂತೇ ನಾನು ಹಿಂದಿ ಕಲಿತೆ. ಮೊದಲು ಕಲಿತದ್ದು ಜಗಳದ ಹಿಂದಿ. ಅದು ಬಂದಮೇಲೆ ಉಳಿದದ್ದು ತಾನಾಗಿ ಬಂತು.

ಊಟದ ಕಥೆ ಬೇರೆ. ಇಲ್ಲಿ ರಾಗಿ ಅಂದರೆ ಯಾರಿಗೂ ಗೊತ್ತಿಲ್ಲ. ನಾವು ಲಿಂಗ ಕಟ್ಟಿದವರು, ಮೀನು ತಿನ್ನುವುದಿಲ್ಲ ಎಂದು ದೀದಿಗೆ ಕೈಬಾಯಿ ತಿರುಗಿಸಿ ಹೇಳಿದ್ದೆ. ಅವಳು ಪಾಪ ನನಗಾಗಿಯೇ ಬೇಳೆ ಬೇಯಿಸಿ ಬಟ್ಟಲಲ್ಲಿ ತಂದಳು. ಮುಚ್ಚಳ ತೆಗೆದರೆ ಬೇಳೆಯ ನಡುವಿನಿಂದ ಮೀನಿನ ತಲೆಯೊಂದು ನನ್ನನ್ನೇ ನೋಡುತ್ತಿತ್ತು. "ಮಛಲಿ ನಹೀ ಹೈ, ಸಿರ್ಫ್ ಸಿರ್ ಹೈ" ಅಂದಳು. ಮೀನಿಲ್ಲ, ಬರೀ ತಲೆ. ಅವತ್ತು ನಾನು ಮಜ್ಜಿಗೆ ಅನ್ನ ಉಂಡೆ.

ಆದರೆ ದೀದಿ ನನ್ನನ್ನು ಪೂರ್ತಿ ಹುಚ್ಚಿ ಎಂದು ನಂಬಿದ್ದು ಅಟ್ಟದ ವಿಷಯದಲ್ಲಿ. ಟಿಕ್ರಿಯ ತುಂಬ ಬಿದ್ದ ಕಾಯಿಗಳನ್ನು ಕಂಡು ನನಗೆ ಸುಮ್ಮನಿರಲಾಗಲಿಲ್ಲ. ಆರಿಸಿ ತಂದು ಸೂರಿನ ಕೆಳಗೆ ಹಲಗೆ ಹಾಸಿ ಪೇರಿಸಿಟ್ಟೆ. ನಮ್ಮ ಕಡೆ ಹಾಗೇ ತಾನೆ? ಬಲಿತ ಕಾಯನ್ನು ಅಟ್ಟಕ್ಕೇರಿಸಿ ವರ್ಷ ಮರೆತುಬಿಡುವುದು, ನೀರು ಇಂಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಲೊಟಲೊಟ ಅನ್ನುವಾಗ ಇಳಿಸಿ ಉಂಡೆ ಕೊಬ್ಬರಿ ಬಿಡಿಸುವುದು. ಇಲ್ಲಿಯವರು ಕಾಯನ್ನು ಎರಡು ಹೋಳು ಮಾಡಿ ಹೊಗೆಗೊಡ್ಡಿ ಬಟ್ಟಲು ಕೊಬ್ಬರಿ ಮಾಡುತ್ತಾರೆ. ನನ್ನ ಕಣ್ಣಿಗೆ ಅದು ಕೊಬ್ಬರಿಯೇ ಅಲ್ಲ. ತಿಪಟೂರಿನವಳ ಕೈಚಳಕ ತೋರಿಸುತ್ತೇನೆ ಅಂದುಕೊಂಡೆ. ಇಲ್ಲಿನ ತೇವಕ್ಕೆ ಕೆಲವು ಕಾಯಿ ಬೂಸ್ಟು ಹಿಡಿದವು, ಉಳಿದವು ಮೊಳೆತವು. ಹಡಗಿನಿಂದ ಬಂದ ಚಂದ್ರು ತಲೆಯೆತ್ತಿ ನೋಡಿ, "ಏನೇ ಇದು, ಮನೆಯೊಳ್ಗೇ ತೋಟ ಮಾಡಿದ್ದೀಯಾ?" ಅಂದರು. ಒಲೆಯ ಮೇಲೆ ಒಂದು ಹಸಿರು ಗರಿ ನೇತಾಡುತ್ತಿತ್ತು.

ಇನ್ನೊಂದು, ಇಲ್ಲಿನ ಕತ್ತಲು. ಗಡಿಯಾರ ನಿಮ್ಮದೇ, ಸೂರ್ಯ ಮಾತ್ರ ನಮ್ಮ ಕಡೆ ಬೇಗ ಮುಳುಗುತ್ತಾನೆ. ಐದು ಗಂಟೆ ದಾಟುವಷ್ಟರಲ್ಲಿ ದೀಪ ಹಚ್ಚಬೇಕು. ಅದೇ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡುತ್ತಿದ್ದೆ. "ಇಷ್ಟೊತ್ಗೇ ದೀಪ ಹಚ್ಚಿದ್ದೀಯೇನವ್ವ? ಇಲ್ಲಿನ್ನೂ ಹಿತ್ಲಲ್ಲಿ ಬಿಸ್ಲು ಐತೆ" ಅನ್ನುತ್ತಿದ್ದ. ನನ್ನ ಹತ್ತಿರ ಉದ್ದನೆಯ ಸಂಜೆ, ಅಪ್ಪನ ಹತ್ತಿರ ಇನ್ನೂ ಮಧ್ಯಾಹ್ನ. ಆ ಬಿಸಿಲಿನ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಈಗ ನಿಜವಾದ ಹೊಟ್ಟೆಕಿಚ್ಚಿನ ಮಾತಿಗೆ ಬರುತ್ತೇನೆ. ಅದಕ್ಕೊಂದು ಕಂಪ್ಯೂಟರ್ ಆಟದ ಕಥೆ ಹೇಳಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ತಿಪಟೂರಿನಲ್ಲಿ ಕಂಪ್ಯೂಟರ್ ಕ್ಲಾಸೊಂದು ಮುಚ್ಚಿತು. ಅಲ್ಲಿಂದ ಅಪ್ಪ ಒಂದು ಹಳೆಯ ಕಂಪ್ಯೂಟರ್ ತಂದ. ತಮ್ಮ ಮಹೇಶ ಕಲಿಯಲಿ ಅಂತ. ಮಹೇಶನಿಗೆ ಕ್ರಿಕೆಟ್ ಬಿಟ್ಟರೆ ಬೇರೇನೂ ಬೇಡ. ಟಿವಿ ರಿಪೇರಿ ಮಾಡುತ್ತಿದ್ದ ಅನ್ವರಣ್ಣ ಬಂದು, ನಡುಮನೆಯಲ್ಲಿ ಅಟ್ಟದ ಕೆಳಗೆ ಅದನ್ನು ಜೋಡಿಸಿದರು. ಸ್ಪೀಕರಿನಲ್ಲಿ ಸದ್ದು ಬರುತ್ತದೋ ಇಲ್ಲವೋ ನೋಡಲು ಒಳಗಿದ್ದ ಆಟವೊಂದನ್ನು ಹಾಕಿದರು. ತೆರೆಯ ತುಂಬ ನೀಲಿ ಸಮುದ್ರ, ನಡುವೆ ಒಂದು ದ್ವೀಪ, ಅದರ ತುಂಬ ತೆಂಗಿನಮರ. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಪಕ್ಕಕ್ಕಿಟ್ಟು ಕುರ್ಚಿ ಎಳೆದುಕೊಂಡ. ನೊಣವಿನಕೆರೆಯ ತೋಟದಲ್ಲಿ ಹುಟ್ಟಿ ಬೆಳೆದವನು, ಪರದೆಯ ಮೇಲಿನ ಮರಗಳನ್ನು ಬಹಳ ಹೊತ್ತು ನೋಡಿ, "ಗೊನೆ ಚೆನ್ನಾಗವೆ ಕಣ್ರೀ ಅನ್ವರ್" ಅಂದ.

ಆಟಕ್ಕೆ ಇಬ್ಬರು ಬೇಕು. ಒಂದೇ ಕೀಬೋರ್ಡಿನ ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು. ಒಬ್ಬರು ಕೋತಿ, ಮರ ಹತ್ತಿ ಕಾಯಿ ಉದುರಿಸಬೇಕು. ಇನ್ನೊಬ್ಬರು ಆಮೆ, ಬೆನ್ನ ಮೇಲೆ ಕಾಯಿ ಹಿಡಿದು ಸಾಗಿಸಬೇಕು. ದಡದಲ್ಲಿ ಒಂದು ಗುಡಿಸಲು, ಒಂದು ದೋಣಿ. ಕಾಯಿಗಳನ್ನು ದೋಣಿಗೆ ತುಂಬಿದರೆ ಅದು ಇಬ್ಬರನ್ನೂ ಕೂರಿಸಿಕೊಂಡು ಮುಂದಿನ ದ್ವೀಪಕ್ಕೆ ಹೊರಡುತ್ತದೆ. ಹೊಡೆದಾಟವಿಲ್ಲ, ಗುಂಡಿನ ಸದ್ದಿಲ್ಲ. ತಡ ಮಾಡಿದರೆ ಸಮುದ್ರ ಉಕ್ಕಿ ದ್ವೀಪ ಮುಳುಗುತ್ತದೆ, ಅಷ್ಟೆ. ಹೆಸರೇನೋ ಇಂಗ್ಲಿಷಿನಲ್ಲಿತ್ತು. ನಮ್ಮ ಮನೆಯಲ್ಲಿ ಅದು ಕೋತಿ ಆಟ. ನಾನು ಕೋತಿ, ಅಪ್ಪ ಆಮೆ.

ಅಪ್ಪನ ಆಟ ನೋಡಬೇಕಿತ್ತು ನೀವು. ಹಸಿರು ಕಾಯಿ ಕಿತ್ತರೆ ಬೈಯುತ್ತಿದ್ದ. "ಎಳ್ನೀರು ಕೀಳಬ್ಯಾಡ ಕಣೇ, ಬಲೀಲಿ." ಬಲಿತದ್ದನ್ನು ಉದುರಿಸಿದರೆ ಹಿಡಿದು ನೇರ ಗುಡಿಸಲಿಗೆ ಒಯ್ಯುತ್ತಿದ್ದ. ದೋಣಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ದೋಣಿಗೆ ಹಾಕ್ಬೇಕಂತಪ್ಪ" ಅಂದರೆ, "ಹಸಿ ಕಾಯಿ ಯಾರಾರಾ ಸಾಗಿಸ್ತಾರೇನೇ? ಒಣಗ್ಲಿ ಬುಡು" ಎಂಬ ಉತ್ತರ. ಪರದೆಯ ಮೇಲಿನ ಕಾಯಿ ಒಣಗುವುದನ್ನು ಕಾಯುತ್ತಾ ನಾವಿಬ್ಬರೂ ಗುಡಿಸಲನ್ನು ಸೂರಿನವರೆಗೆ ತುಂಬಿಸುತ್ತಿದ್ದೆವು. ಅಷ್ಟರಲ್ಲಿ ಸಮುದ್ರ ಉಕ್ಕಿ ಗುಡಿಸಲು, ಕಾಯಿ, ಕೋತಿ, ಆಮೆ ಎಲ್ಲ ಮುಳುಗಿ ಪೀಪೀ ಎಂದು ಸಂಗೀತ ಬರುತ್ತಿತ್ತು. "ಅಟ್ಟ ಅಂತೂ ತುಂಬ್ತು" ಎಂದು ಅಪ್ಪ ತೃಪ್ತಿಯಿಂದ ಏಳುತ್ತಿದ್ದ. ಕಾಲೇಜು ಮುಗಿಯುವವರೆಗೆ, ಮದುವೆ ಗೊತ್ತಾಗುವವರೆಗೆ ಹೀಗೇ ಆಡಿದೆವು. ಮೊದಲನೇ ದ್ವೀಪದ ಆಚೆ ಏನಿದೆ ಎಂದು ನಮಗೆ ಗೊತ್ತಿರಲಿಲ್ಲ. ನನಗೆ ಬೇಕೂ ಇರಲಿಲ್ಲ. ಅಪ್ಪನ ಪಕ್ಕದ ಕುರ್ಚಿ ನನ್ನದಾಗಿತ್ತು, ಅದು ಸಾಕಾಗಿತ್ತು.

ನಾನು ಇಲ್ಲಿಗೆ ಹೊರಟಾಗ ಅನ್ವರಣ್ಣ ಆ ಆಟವನ್ನು ಸಿಡಿಗೆ ಹಾಕಿಕೊಟ್ಟರು. "ಅಲ್ಲಿ ಬೇಜಾರಾದ್ರೆ ಹಾಕ್ಕಳವ್ವ" ಅಂದರು. ಸಿಡಿ ಪೆಟ್ಟಿಗೆಯ ತಳದಲ್ಲೇ ಇತ್ತು. ಅಪ್ಪ ಇಲ್ಲದೆ ಅದನ್ನು ಯಾರ ಜೊತೆ ಆಡಲಿ?

ಅದರ ಮುಂದಿನ ವರ್ಷ ಮಹೇಶನ ಮದುವೆಯಾಯಿತು. ಹುಡುಗಿ ಶೈಲಾ, ಚಿಕ್ಕನಾಯಕನಹಳ್ಳಿಯವಳು. ಮದುವೆಗೆ ಹೋಗಿ ಓಡಾಡಿ, ಅವಳ ತಲೆಗೆ ನಾನೇ ಹೂ ಮುಡಿಸಿ ಬಂದಿದ್ದೆ. ಒಳ್ಳೆಯವಳೇ. ಕೆಲವು ತಿಂಗಳ ಮೇಲೆ ಒಂದು ಸಂಜೆ ಫೋನಿನಲ್ಲಿ ಅಪ್ಪ, ಹಿತ್ತಲಿಗೆ ಹೋಗಿಬಂದಷ್ಟು ಸಲೀಸಾಗಿ ಹೇಳಿದ.

"ಗಿರ್ಜಾ, ಎರಡ್ನೇ ದ್ವೀಪ ನೋಡ್ದೆ ಕಣವ್ವ."

"ಯಾವ ದ್ವೀಪ?"

"ಅದೇ, ಕೋತಿ ಆಟದ್ದು. ಶೈಲ ಕರ್ಕಂಡೋದ್ಲು. ಕಾಯೆಲ್ಲ ದೋಣಿಗೆ ಹಾಕಿದ್ವಿ, ಹೋಯ್ತು ನೋಡು ಬುರ್ರಂತ!"

ಮಾತು ಮುಗಿಸಿದ್ದು ಹೇಗೆಂದು ನೆನಪಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು ಎಂಬುದು ಚೆನ್ನಾಗಿ ನೆನಪಿದೆ. ಶೈಲಾ ನನ್ನ ಕೋಣೆಯಲ್ಲಿ ಮಲಗಲಿ, ನನ್ನ ಬೀರು ಬಳಸಲಿ, ಅಮ್ಮನ ಒಡವೆ ಹಾಕಿಕೊಳ್ಳಲಿ, ನನಗೇನೂ ಆಗಿರಲಿಲ್ಲ. ಆದರೆ ನಾನು ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಕೇಳಿದರೂ ಒಂದೇ ಒಂದು ಕಾಯನ್ನು ದೋಣಿಗೆ ಹಾಕದ ಮನುಷ್ಯ, ನಿನ್ನೆ ಮೊನ್ನೆ ಬಂದವಳು ಹೇಳಿದ್ದೇ ತಡ ಗುಡಿಸಲನ್ನೇ ಖಾಲಿ ಮಾಡಿದನಲ್ಲ! ನನಗಾಗಿ ಬಿಡದ ಹಟವನ್ನು ಅವಳಿಗಾಗಿ ಬಿಟ್ಟನಲ್ಲ! ಅವತ್ತು ಅಡುಗೆ ಮಾಡಲಿಲ್ಲ. ನಲ್ಲಿಯ ಸಾಲಿನಲ್ಲಿ ಕಾರಣವಿಲ್ಲದೆ ಒಬ್ಬಳ ಮೇಲೆ ಜಗಳಕ್ಕೆ ಹೋದೆ.

ಚಂದ್ರುವಿನ ಜೊತೆಗಾರರೊಬ್ಬರು ವರ್ಗವಾಗಿ ಹೋಗುವಾಗ ಮಾರಿದ ಕಂಪ್ಯೂಟರ್ ನಮ್ಮ ಮನೆಗೆ ಬಂದಿತ್ತು. ಪೆಟ್ಟಿಗೆಯ ತಳದಿಂದ ಸಿಡಿ ತೆಗೆದೆ. ಎಡಗೈಯಲ್ಲಿ ಕೋತಿ, ಬಲಗೈಯಲ್ಲಿ ಆಮೆ ಹಿಡಿದು ಒಬ್ಬಳೇ ಆಡಲು ನೋಡಿದೆ. ಕೋತಿ ಕಾಯಿ ಉದುರಿಸಿದಾಗ ಆಮೆ ಎಲ್ಲೋ ಇರುತ್ತಿತ್ತು. ಚಂದ್ರುವನ್ನು ಕೂರಿಸಿದೆ. ಎಂಜಿನ್ ಬಿಚ್ಚಿ ಜೋಡಿಸುವ ಮನುಷ್ಯ, ಆಮೆಯನ್ನು ನೆಟ್ಟಗೆ ನಡೆಸಲಾರದೆ ಮೂರು ಸಲ ಸಮುದ್ರಕ್ಕೆ ಹಾಕಿ, "ನಿಮ್ಮಪ್ಪನ್ನೇ ಕರ್ಸ್ಕೋ" ಎಂದು ಎದ್ದುಹೋದರು. ನನಗೆ ಬೇಕಾಗಿದ್ದದ್ದು ಆಟವಲ್ಲ. ಶೈಲಾ ಎರಡನೇ ದ್ವೀಪಕ್ಕೆ ಹೋಗಿದ್ದರೆ ನಾನು ಮೂರನೆಯದಕ್ಕೆ ಹೋಗಬೇಕಿತ್ತು. ಕೊನೆಗೆ ಮಿನೋತಿ ದೀದಿಯನ್ನು ಕರೆದೆ.

ದೀದಿ ಕಂಪ್ಯೂಟರ್ ಮುಟ್ಟಿದವಳಲ್ಲ. ಕಾಯಿ ಹಿಡಿಯುವುದನ್ನು ಮಾತ್ರ ಸಲೀಸಾಗಿ ಕಲಿತಳು. ನನಗೆ ರೂಢಿ ತಪ್ಪಲಿಲ್ಲ, "ಮೊದ್ಲು ಗುಡಿಸಲು, ಗುಡಿಸಲು" ಎಂದು ಕನ್ನಡದಲ್ಲೇ ಕೂಗುತ್ತಿದ್ದೆ. ಅಷ್ಟರಲ್ಲಿ ಪರದೆಯ ಕೆಳಗಿನಿಂದ ನೀಲಿ ನೀರು ಏರತೊಡಗಿತು. ದೀದಿಯ ಮುಖ ಬಿಳಿಚಿಕೊಂಡಿತು. "ನಾರಿಯಲ್ ಛೋಡ್! ಪಾನೀ ಆ ರಹಾ ಹೈ, ನಾವ್ ಮೇ ಬೈಠ್!" ಎಂದು ಕಿರುಚಿದಳು. ಕಾಯಿ ಬಿಡು, ನೀರು ಬರುತ್ತಿದೆ, ದೋಣಿ ಹತ್ತು. ಅವಳ ಅಕ್ಕನ ಮನೆ ಸುನಾಮಿಯಲ್ಲಿ ಮುಳುಗಿದ ದಕ್ಷಿಣದ ದ್ವೀಪವೊಂದರಲ್ಲಿತ್ತು ಎಂದು ನನಗೆ ಆಮೇಲೆ ಬೇರೆಯವರಿಂದ ತಿಳಿಯಿತು. ಅವತ್ತು ನಾನು ಹೆದರಿ ಕಂಪ್ಯೂಟರ್ ಆರಿಸಿಬಿಟ್ಟೆ. ಇನ್ನು ಅವಳು ಬರುವುದಿಲ್ಲ ಅಂದುಕೊಂಡೆ. ಮರುದಿನ ತಾನೇ ಬಂದಳು. ಕುರ್ಚಿಯಲ್ಲಿ ಕೂತು, ಈ ಸಲ ನಾನು ಹೇಳಿದ ಹಾಗೆ ಕೇಳು ಅಂದಳು.

ದೀದಿಯ ಜೊತೆ ಆಡಿದರೆ ದೋಣಿ ನಿಲ್ಲುತ್ತಲೇ ಇರಲಿಲ್ಲ. ಹಸಿರು, ಬಲಿತದ್ದು, ಒಣಗಿದ್ದು ಎಂದು ನೋಡದೆ ಎಲ್ಲವನ್ನೂ ಎಸೆದು ಹೊರಟುಬಿಡುತ್ತಿದ್ದಳು. ಎರಡು, ಮೂರು, ನಾಲ್ಕು ದಾಟಿ ಐದನೆಯದಕ್ಕೆ ಮುಟ್ಟಿದೆವು. ನಾನು ಎದ್ದು ನಿಂತು ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪ, ನಾವು ಐದನೇ ದ್ವೀಪದಲ್ಲಿದ್ದೀವಿ."

"ಯಾರ್ ಜೊತೆ?"

"ಮಿನೋತಿ ದೀದಿ ಜೊತೆ."

"ಓ. ಒಳ್ಳೇದಾಯ್ತು ಬುಡು."

ಆ ದನಿ ಸಣ್ಣಗಾದದ್ದು ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸದ್ಯ, ಅಲ್ಲೂ ಸ್ವಲ್ಪ ಉರಿಯಲಿ!

ಆ ಬೇಸಿಗೆಯಲ್ಲಿ ಊರಿಗೆ ಹೋದೆ. ಮದರಾಸಿನವರೆಗೆ ಹಡಗು, ಅಲ್ಲಿಂದ ರೈಲು. ತಿಪಟೂರು ಸ್ಟೇಷನ್ನಿನಲ್ಲಿ ಇಳಿದರೆ ಕೊಬ್ಬರಿಯ ವಾಸನೆ ಮೂಗಿಗೆ ಬಂತು. ಅಲ್ಲಿದ್ದಷ್ಟು ವರ್ಷ ಆ ವಾಸನೆ ನನಗೆ ಗೊತ್ತೇ ಆಗಿರಲಿಲ್ಲ. ಮನೆಗೆ ಹೋದರೆ ಅಮ್ಮ ನನಗೆ ಕಾಫಿಯನ್ನು ಕಪ್ಪು-ಸಾಸರಿನಲ್ಲಿ ಕೊಟ್ಟಳು. ಅವು ನೆಂಟರಿಗೆ ಕೊಡುವವು. ನನ್ನ ಸ್ಟೀಲ್ ಲೋಟ ಎಲ್ಲಿ ಎಂದು ಕೇಳಲು ಹೋಗಿ ಬಾಯಿ ಮುಚ್ಚಿಕೊಂಡೆ. ಅದು ಶೈಲಾಳ ಕೈಯಲ್ಲಿತ್ತು.

ಸಂಜೆ ಅಪ್ಪ ತೋಟದಿಂದ ಬಂದು ಕೈಕಾಲು ತೊಳೆದು ಕಂಪ್ಯೂಟರ್ ಮುಂದೆ ಕೂತ. ಏನೂ ಮಾತಿಲ್ಲದೆ ಶೈಲಾ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಅದು ದಿನದ ರೂಢಿ ಎಂದು ನೋಡಿದರೇ ತಿಳಿಯುತ್ತಿತ್ತು. ನನಗೆ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಕೋತಿ ಉದುರಿಸಿತು, ಆಮೆ ಹಿಡಿಯಿತು, ದೋಣಿ ತುಂಬಿತು. "ಹತ್ತವ್ವ ಹತ್ತು" ಅಂದ ಅಪ್ಪ. ಹತ್ತಿದರು, ಹೋದರು. ನಾನು ಹಿಂದಿನಿಂದ ಎರಡೂ ತಲೆಗಳನ್ನು ನೋಡುತ್ತಾ ಕೂತೆ. ಅವಳ ಕೋತಿ ನನ್ನದಕ್ಕಿಂತ ಚುರುಕಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಇವತ್ತಿಗೂ ಕಷ್ಟ.

ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಜೋಡಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಶೈಲಾ ಬಂದಳು.

"ಯಾಕಕ್ಕ ಎದ್ದು ಬಂದ್ರಿ?"

"ನಂಗೇನು, ನೀವು ಆಡ್ರಿ. ಚೆನ್ನಾಗಿ ಪಳಗಿಸಿದ್ದೀಯ ನಮ್ಮಪ್ಪನ್ನ. ನಾನ್ ಹೇಳಿದ್ರೆ ಒಂದು ಕಾಯಿ ಅಲುಗಾಡಿಸ್ತಿರಲಿಲ್ಲ."

ಅವಳು ಬಾಗಿಲಿಗೆ ಒರಗಿ ನಿಂತಳು. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

"ನಾನೆಲ್ಲಿ ಪಳಗ್ಸಿದೆ? ದೋಣಿಗೆ ಹಾಕಣ ಅಂದಿದ್ದು ಮಾವನೇ ಕಣಕ್ಕ. 'ನಮ್ ಗಿರ್ಜಾ ದ್ವೀಪಕ್ಕೋಗವ್ಳೆ, ದ್ವೀಪ ಅಂದ್ರೆ ಎಂಗಿರ್ತದೆ ನೋಡಣ' ಅಂದ್ರು. ಎರಡ್ನೇದ್ರಲ್ಲಿ ಒಂದು ಮನೆ ಐತಲ್ಲ, ಗುಡ್ಡದ ಮ್ಯಾಲೆ, ಮರದ್ದು? ಅದ್ನ ನೋಡಿ 'ಇಂಗೇ ಇರ್ತದೇನೋ ಅವಳ ಮನೆ' ಅಂದ್ರು. ಅವತ್ತಿಂದ ಮುಳುಗಿದ್ರೂ ಮತ್ತೆ ಅಲ್ಲಿಗೇ ಹೋಗ್ತೀವಿ. ಮುಂದಕ್ಕೆ ಬನ್ನಿ ಅಂದ್ರೆ ಬರಲ್ಲ." ದನಿ ತಗ್ಗಿಸಿ ಹೇಳಿದಳು, "ಆಡ್ತಾ ಆಡ್ತಾ ನನ್ನ 'ಗಿರ್ಜಾ, ಉದುರ್ಸು' ಅಂತಾರೆ. ನಾನೂ ಹೂಂ ಅಂತೀನಿ. ನಂಗೂ ಹೊಟ್ಟೆ ಉರೀತದೆ ಕಣಕ್ಕ."

ಪಾತ್ರೆ ಕೈಯಲ್ಲೇ ಉಳಿಯಿತು. ಎರಡನೇ ದ್ವೀಪದಲ್ಲಿ ಮನೆಯಿತ್ತೇ? ಐದನೆಯದನ್ನು ಮುಟ್ಟುವ ಅವಸರದಲ್ಲಿ ನಾನು ಎರಡನೆಯದನ್ನು ನೋಡಿಯೇ ಇರಲಿಲ್ಲ. ಒಂದು ಗಳಿಗೆ ನನ್ನ ಉರಿ ತಣ್ಣಗಾಯಿತು, ಅಳುವೂ ಬಂತು. ಆದರೆ ಹೊಟ್ಟೆಕಿಚ್ಚು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನನ್ನ ಬಗ್ಗೆ ಅಪ್ಪ ಆಡಿದ ಇಷ್ಟು ಒಳ್ಳೆಯ ಮಾತು ನನ್ನ ಕಿವಿಗೆ ಬೀಳಲಿಲ್ಲವಲ್ಲ, ಕೇಳಿಸಿಕೊಂಡವಳು ಇವಳಾದಳಲ್ಲ ಅನ್ನಿಸಿತು. ಫೋನಿನಲ್ಲಿ ನನಗೆ ಹೇಳಿದ್ದು ಬುರ್ರಂತ ಹೋಯ್ತು ಎಂಬುದಷ್ಟೇ.

ಶೈಲಾ ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ತನ್ನ ಕುರ್ಚಿಯಲ್ಲಿ ಕೂರಿಸಿದಳು. ತಾನು ಅಪ್ಪನ ಇನ್ನೊಂದು ಮಗ್ಗುಲಲ್ಲಿ ನಿಂತಳು. ಎಷ್ಟೋ ದಿನದ ಮೇಲೆ ಅಪ್ಪನ ಪಕ್ಕ, ಆ ಅಟ್ಟದ ಕೆಳಗೆ, ಕೋತಿ ನನ್ನ ಕೈಯಲ್ಲಿ. ಪರದೆಯ ಮೇಲೆ ಗುಡ್ಡ, ಗುಡ್ಡದ ಮೇಲೆ ಪುಟ್ಟ ಮರದ ಮನೆ. ಕೆಂಪು ಬಾಗಿಲು, ಕಿಟಕಿಯಲ್ಲಿ ಹೂವು, ಹಿಂದೆ ಮೋಡವಿಲ್ಲದ ಆಕಾಶ. ಸುತ್ತ ಬೇರೆ ಮನೆಗಳಿಲ್ಲ, ಸಾಲಿನಲ್ಲಿ ನಿಂತ ಕೊಡಗಳಿಲ್ಲ, ಮೀನು ಒಣಗಿಸಿದ ಬಲೆಗಳಿಲ್ಲ.

ಅಪ್ಪ ಆಮೆಯನ್ನು ಆ ಮನೆಯ ಮುಂದೆ ತಂದು ನಿಲ್ಲಿಸಿದ. ನನ್ನ ಮುಖ ನೋಡದೆ ಕೇಳಿದ.

"ನಿಮ್ಮನೆ ಇಂಗೇ ಐತೇನವ್ವ?"

ಇದರಲ್ಲಿ ಯಾವುದೂ ನಮ್ಮ ಮನೆಯ ಹಾಗಿಲ್ಲ ಎನ್ನಲು ಬಾಯಿ ತೆರೆದೆ. ಅಪ್ಪನ ಬೆರಳು ಕೀಲಿಯ ಮೇಲೆ ಕಾಯುತ್ತಿತ್ತು.

"ಹೂಂ ಅಪ್ಪ, ಹಿಂಗೇ ಐತೆ."

ಅಪ್ಪನ ಮುಖ ಊರಗಲವಾಯಿತು. ಖುಷಿ ತಡೆಯಲಾರದೆ ಕುರ್ಚಿಯಲ್ಲೇ ತಿರುಗಿದ. ನನ್ನ ಕಡೆಗಲ್ಲ, ಆ ಕಡೆಗೆ.

"ನೋಡ್ದೇನವ್ವ ಶೈಲ? ನಾನೇಳಿರ್ಲಿಲ್ವಾ?"

"ಹೇಳಿದ್ರಿ ಮಾವ" ಅಂದಳು ಅವಳು. ಇಬ್ಬರೂ ಬಗ್ಗಿ ಆ ಮನೆಯನ್ನು ಇನ್ನೊಮ್ಮೆ, ಕಣ್ತುಂಬ, ಯಾರೋ ದೂರದಲ್ಲಿರುವವರ ಮನೆಯನ್ನು ನೋಡುವ ಹಾಗೆ ನೋಡಿದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ.